ಉಪ್ಪು ನೋಡೇ, ಸುಮಿ

ನಮ್ಮ ಮನೆಯಲ್ಲಿ ಇನ್ನೂ ಊಟದ ಟೇಬಲ್ ಇಲ್ಲದಿದ್ದ ಕಾಲ ಅದು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ಒಂದು ಪೇರಲೆ ಮರ. ಅಡುಗೆಮನೆಯ ನೆಲದ ಮೇಲೆ ಚಾಪೆ ಹಾಸಿಕೊಂಡು ಉಣ್ಣುತ್ತಿದ್ದೆವು. ಟಿವಿ ಹಾಲಿನಲ್ಲಿತ್ತು. ಬಾಗಿಲಿಗೆ ನೇರವಾಗಿ ಕೂತರೆ ತಟ್ಟೆಯ ಮುಂದಿನಿಂದಲೇ ಕಾಣುತ್ತಿತ್ತು. ಆ ಜಾಗ ನನ್ನದು. ಅಲ್ಲಿ ಬೇರೆ ಯಾರಾದರೂ ಕೂತರೆ ನಾನು ಊಟಕ್ಕೇ ಕೂರುತ್ತಿರಲಿಲ್ಲ, ಅಷ್ಟು ಹಟಮಾರಿ.

ಅಮ್ಮ ಅಡುಗೆ ಮಾಡುವಾಗ ರುಚಿ ನೋಡುತ್ತಿರಲಿಲ್ಲ. ಅಪ್ಪನ ಅಮ್ಮ ಬದುಕಿದ್ದಾಗ, ಒಲೆ ಮುಂದೆ ನಿಂತ ಸೊಸೆ ಸೌಟು ಬಾಯಿಗಿಟ್ಟರೆ ಸುಮ್ಮನಿರುತ್ತಿರಲಿಲ್ಲವಂತೆ. ದೇವರಿಗೆ ಇಡುವ ಮುಂಚೆಯೇ ಎಂಜಲು ಮಾಡ್ತೀಯಾ ಎಂದು ಬೀದಿಗೆ ಕೇಳುವಂತೆ ಕೂಗಾಡುತ್ತಿದ್ದರಂತೆ. ಅಜ್ಜಿ ತೀರಿಕೊಂಡರು, ಅಮ್ಮನ ಆ ಭಯ ಮಾತ್ರ ತೀರಲಿಲ್ಲ. ಮಕ್ಕಳು ಬಾಯಿಗಿಟ್ಟರೆ ಎಂಜಲಲ್ಲ ಎನ್ನುವ ಒಂದು ಅನುಕೂಲ ಇತ್ತಲ್ಲ, ಹಾಗಾಗಿ ನನಗೆ ತಿಳಿವಳಿಕೆ ಬಂದಾಗಿನಿಂದ ನಮ್ಮ ಮನೆಯ ನಾಲಿಗೆ ನಾನೇ.

ಸಾರು ಕುದಿ ಬಂದ ಕೂಡಲೇ ಅಡುಗೆಮನೆಯಿಂದ ಕರೆ ಬರುತ್ತಿತ್ತು. "ಉಪ್ಪು ನೋಡೇ, ಸುಮಿ."

ಆಡುತ್ತಿದ್ದರೆ ಆಟ ಬಿಟ್ಟು ಓಡಬೇಕು. ನಾನು ಅಂಗೈ ಗುಳಿ ಮಾಡಿ ಹಿಡಿಯುತ್ತಿದ್ದೆ. ಅಮ್ಮ ಸೌಟಿಗೆ ಬಾಯಿಂದ ಉಫ್ ಉಫ್ ಎಂದು ಊದಿ, ತುದಿಯಿಂದ ಎರಡು ಹನಿ ಬಿಡುತ್ತಿದ್ದಳು. ಬಿಟ್ಟಮೇಲೆ ನನ್ನ ಮುಖವನ್ನೇ ನೋಡುತ್ತಾ ನಿಲ್ಲುತ್ತಿದ್ದಳು. ನಾನು ನೆಕ್ಕಿ ತಲೆದೂಗಿದರೆ ಸಾಕು ಎಂದರ್ಥ. ಅಡ್ಡ ಅಲ್ಲಾಡಿಸಿದರೆ ಸಾಲದು, ಇನ್ನೂ ಚೂರು ಬೇಕು. ಅದಕ್ಕಿಂತ ಹೆಚ್ಚಿನ ಮಾತು ಆ ಕೆಲಸಕ್ಕೆ ಬೇಕಿರಲಿಲ್ಲ. ಅಂಗೈಗೆ ಸಾಯಂಕಾಲದವರೆಗೂ ಬೆಳ್ಳುಳ್ಳಿ, ಹುಣಸೆಹಣ್ಣಿನ ವಾಸನೆ ಇರುತ್ತಿತ್ತು.

ದೊಡ್ಡವಳಾಗುತ್ತಾ ನನಗೆ ಕೊಬ್ಬು ಬಂತು. ಹಾಲಿನಲ್ಲಿ ಬಿದ್ದುಕೊಂಡು ಟಿವಿ ನೋಡುವಾಗ ಏಳಲು ಸೋಮಾರಿತನ. ಅಮ್ಮ ಬಾಗಿಲಿಗೆ ಬಂದು ಸೌಟು ಹಿಡಿದು ನಿಂತರೆ, ಕೂತಲ್ಲಿಂದಲೇ ಮೂಗು ಎಳೆದು ತಲೆ ಅಡ್ಡ ಅಲ್ಲಾಡಿಸಿಬಿಡುತ್ತಿದ್ದೆ. ಅಮ್ಮ ಹೋಗಿ ಉಪ್ಪು ಹಾಕುತ್ತಿದ್ದಳು. ಉಪ್ಪು ಹಾಕುವುದರಲ್ಲಿ ಯಾವಾಗಲೂ ಅವಳ ಕೈ ಸ್ವಲ್ಪ ಬಿಗಿಯೇ ಇರುತ್ತಿದ್ದುದರಿಂದ ನನ್ನ ಬುರುಡೆ ನಡೆಯುತ್ತಿತ್ತು. ಅದನ್ನು ಅವಳು ಊರಿಗೆಲ್ಲ ಹೇಳಿಕೊಂಡು ಬರುವಳು. ಪಕ್ಕದ ಕ್ವಾರ್ಟರ್ಸಿನ ಸೆಲ್ವಿ ಅಕ್ಕನ ಮುಂದಂತೂ ದಿನಾ. "ನಮ್ಮ ಸುಮಿ ಬಾಯಿಗೆ ಇಡೋದೇ ಬೇಡ ಸೆಲ್ವಿ, ಕುದಿಯೋ ವಾಸನೇಲೇ ಹೇಳ್ತಾಳೆ." ಸೆಲ್ವಿ ಅಕ್ಕ ನನ್ನನ್ನು ಒಂಥರಾ ನೋಡುತ್ತಿದ್ದರು. ಉಪ್ಪಿಗೆ ವಾಸನೆ ಇಲ್ಲ ಎಂಬುದು ಅವರಿಗೆ ಗೊತ್ತಿರದೆ ಇರುತ್ತದೆಯೇ.

ಐದನೇ ಕ್ಲಾಸು ಮುಗಿದ ಬೇಸಿಗೆ ರಜೆಯಲ್ಲಿ ನಮ್ಮ ಮನೆಗೆ ಕೇಬಲ್ ಬಂತು, ಕೇಬಲ್ಲಿನ ಜೊತೆ ಅಡುಗೆ ಸ್ಪರ್ಧೆಗಳೂ ಬಂದವು. ಬಿಳಿ ಏಪ್ರನ್ ಕಟ್ಟಿಕೊಂಡವರು ಗಡಿಯಾರ ನೋಡುತ್ತಾ ಓಡಾಡುವರು. ಒಬ್ಬರು ಅಳುವರು, ಒಬ್ಬರ ಸಕ್ಕರೆ ಪಾಕ ಸೀದುಹೋಗುವುದು. ಕೊನೆಗೆ ಜಡ್ಜು ಚಮಚದಲ್ಲಿ ಇಷ್ಟೇ ಇಷ್ಟು ತೆಗೆದುಕೊಂಡು, ಬಾಯಿಗಿಟ್ಟು, ಕಣ್ಣು ಮುಚ್ಚುವರು. ಆಗ ಮ್ಯೂಸಿಕ್ ನಿಂತುಹೋಗಿ ಸರಿಯಾಗಿ ಸೋಪಿನ ಜಾಹೀರಾತು ಬರುವುದು. ಅಷ್ಟು ಹೊತ್ತು ನಾನು ಬಾಯಿಗೆ ಹೋಗುತ್ತಿದ್ದ ತುತ್ತನ್ನು ಕೈಯಲ್ಲೇ ಹಿಡಿದುಕೊಂಡಿರುತ್ತಿದ್ದೆ.

ಒಂದು ರಾತ್ರಿ ಮುದ್ದೆ, ಸೊಪ್ಪಿನ ಸಾರು. ನಾನು ಒಂದು ತುತ್ತು ನುಂಗಿ ಕಣ್ಣು ಮುಚ್ಚಿದೆ.

"ಏನಾಯ್ತೇ?" ಎಂದಳು ಅಮ್ಮ ಗಾಬರಿಯಿಂದ. ಮುದ್ದೆ ಗಂಟಲಿಗೆ ಸಿಕ್ಕಿಕೊಂಡಿತೆಂದುಕೊಂಡಿದ್ದಳು.

"ಏಳು," ಎಂದೆ. "ಹತ್ತಕ್ಕೆ ಏಳು. ಟೇಸ್ಟ್ ಓಕೆ. ಪ್ರೆಸೆಂಟೇಶನ್ ಇಲ್ಲ."

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಆಗಷ್ಟೇ ಶಿಫ್ಟ್ ಮುಗಿಸಿ ಬಂದು ಸ್ನಾನ ಮಾಡಿ ಕೂತಿದ್ದವರು. "ಕೇಳಿದ್ಯಾ ಮಾರಾಯ್ತಿ, ಜಡ್ಜಮ್ಮ ಫಸ್ಟ್ ಕ್ಲಾಸ್ ಕೊಟ್ಟಿದಾರೆ ನಿಂಗೆ," ಎಂದರು.

"ಅದೇನದು ಪ್ರೆಸೆಂಟೇಶನ್ನು?"

"ಹಿಂಗೆ ತಟ್ಟೆಗೆ ಸುರಿದುಬಿಟ್ರೆ ಆಗಲ್ಲಮ್ಮ. ನೋಡೋಕೆ ಚೆಂದ ಇರ್ಬೇಕು."

ಮಾರನೆಯ ರಾತ್ರಿ ಅಮ್ಮ ಮುದ್ದೆಯ ನೆತ್ತಿಯ ಮೇಲೆ ಒಂದು ಕೊತ್ತಂಬರಿ ಸೊಪ್ಪಿನ ಎಲೆ ಸಿಕ್ಕಿಸಿ ತಂದಿಟ್ಟಳು. ಅಪ್ಪ, ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ಮುಗಿಸಿ ನಾನು ಎಂಟು ಕೊಟ್ಟೆ. ಅಮ್ಮನಿಗೆ ನಿಜಕ್ಕೂ ಖುಷಿಯಾಯಿತು, ಮುಖ ಅರಳಿತು. ಅದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಇಪ್ಪತ್ತು ವರ್ಷದಿಂದ ಒಲೆ ಮುಂದೆ ನಿಂತವಳು ಹನ್ನೊಂದು ವರ್ಷದವಳ ಕೈಯಿಂದ ಒಂದು ಮಾರ್ಕು ಜಾಸ್ತಿ ಸಿಕ್ಕಿದ್ದಕ್ಕೆ ಹಿಗ್ಗಿದ್ದಳು.

ಅಲ್ಲಿಂದ ಮುಂದೆ ದಿನಾ ಅದೇ ಆಟ. ತಟ್ಟೆ ಇಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಟಿವಿಯವರ ಹಾಗೆಯೇ ನಿಂತು "ಎಷ್ಟು?" ಎನ್ನುವಳು. ನಾನು ಅವಲಕ್ಕಿಗೆ ಆರು, ಚಿತ್ರಾನ್ನಕ್ಕೆ ಏಳು, ಬದನೆಕಾಯಿ ಪಲ್ಯಕ್ಕೆ ಐದು ಎಂದು ಕೊಡುತ್ತಾ ಹೋದೆ. ಬ್ಯಾಲೆನ್ಸ್ ಇಲ್ಲ, ಕ್ರಂಚ್ ಇಲ್ಲ ಎನ್ನುತ್ತಿದ್ದೆ. ಉಪ್ಪಿಟ್ಟಿನಲ್ಲಿ ಎಲ್ಲಿಂದ ಕ್ರಂಚ್ ತರುವುದು? ಆ ಉಪ್ಪಿಟ್ಟಿಗೇ ನಾನು ನಾಲ್ಕು ಕೊಟ್ಟಿದ್ದು. ಅವತ್ತು ಅಮ್ಮನಿಗೆ ಜ್ವರ. ಕಂಬಳಿ ಹೊದ್ದು ಮಲಗಿದ್ದವಳು ನನಗೆ ಹಸಿವಾಗುತ್ತದೆಂದು ಎದ್ದು ರವೆ ಹುರಿದಿದ್ದಳು. ಉಪ್ಪಿಟ್ಟು ಗಂಟುಗಂಟಾಗಿತ್ತು.

ಬಾಗಿಲಲ್ಲಿ ನಿಂತಿದ್ದ ಸೆಲ್ವಿ ಅಕ್ಕನ ಕಿವಿಗೆ ಅದು ಬಿತ್ತು. "ಏನ್ ಸುಮಿ, ಜ್ವರದಲ್ಲಿ ಎದ್ದು ಮಾಡಿದ್ದಕ್ಕೆ ನಾಲ್ಕಾ? ನಮ್ಮನೇಲಿ ಹಿಂಗಂದಿದ್ರೆ ನಾಳೆಯಿಂದ ತಟ್ಟೇನೇ ಇಲ್ಲ, ತಿಳ್ಕೋ."

"ಬಿಡು ಸೆಲ್ವಿ, ಮಗು. ಆಟಕ್ಕೆ ಹೇಳ್ತಾಳೆ," ಎಂದಳು ಅಮ್ಮ. ನಾನು ಆಟಕ್ಕೆ ಹೇಳಿರಲಿಲ್ಲ. ನನಗೆ ನಿಜವಾಗಿಯೂ ಅದು ನಾಲ್ಕು ಎಂದೇ ಅನ್ನಿಸಿತ್ತು.

ಆ ರಜೆಯ ಕೊನೆಗೆ ಟಿವಿಯ ಕೆಳಗಡೆ ಅಕ್ಷರ ಓಡತೊಡಗಿದವು. ಶಿವಮೊಗ್ಗದ ಒಂದು ಕಲ್ಯಾಣಮಂಟಪದಲ್ಲಿ ಮಹಿಳೆಯರಿಗೆ ಅಡುಗೆ ಸ್ಪರ್ಧೆ, ಲೋಕಲ್ ಕೇಬಲ್ಲಿನಲ್ಲಿ ತೋರಿಸುತ್ತಾರೆ. ನಾನು ಅಮ್ಮನ ಬೆನ್ನು ಬಿದ್ದೆ.

"ನಂಗ್ಯಾಕೆ ಮಾರಾಯ್ತಿ ಅದೆಲ್ಲ," ಎಂದಳು.

"ನೀನು ಟಿವೀಲಿ ಬರ್ತೀಯಮ್ಮ."

"ಬಂದು?"

ಊಟ ಬಿಟ್ಟೆ, ಮುಖ ಊದಿಸಿಕೊಂಡೆ. ಕೊನೆಗೆ ಅಪ್ಪನೇ ಫೋನ್ ಮಾಡಿ ಹೆಸರು ಕೊಟ್ಟರು. ಏನು ಮಾಡಬೇಕೆಂಬುದರ ಮೇಲೆ ಇನ್ನೊಂದು ಜಗಳ. ನಾನು ಪನೀರ್ ಎಂದೆ. ಅಮ್ಮ ಅದೊಂದರಲ್ಲಿ ಬಗ್ಗಲಿಲ್ಲ. "ನಂಗೆ ಬರೋದು ಮಾಡ್ತೀನಿ. ಹುರುಳಿಕಟ್ಟಿನ ಸಾರು," ಎಂದಳು. ಹುರುಳಿ ಬೇಯಿಸಿ ಬಸಿದ ನೀರನ್ನು ಮಸಾಲೆ ಹಾಕಿ ಗಟ್ಟಿಯಾಗುವವರೆಗೂ ಕುದಿಸುವ ಆ ಸಾರಿನಲ್ಲಿ ಅವಳನ್ನು ಮೀರಿಸುವವರು ಕ್ವಾರ್ಟರ್ಸಿನಲ್ಲೇ ಇರಲಿಲ್ಲ. ಅದಕ್ಕೆ ನಾನು ಒಂಬತ್ತು ಕೊಟ್ಟಿದ್ದೆ. ನನ್ನ ಲೆಕ್ಕದಲ್ಲಿ ಅದೇ ದಾಖಲೆ.

ಅಮ್ಮ ಮದುವೆಮನೆಗೆ ಉಡುವ ರೇಷ್ಮೆ ಸೀರೆ ಉಟ್ಟಳು. ಬಸಿದ ಕಟ್ಟನ್ನು ಮನೆಯಿಂದ ತರಬಹುದು ಎಂದಿದ್ದರಿಂದ ಅದನ್ನು ಸ್ಟೀಲ್ ಡಬ್ಬಿಗೆ ತುಂಬಿ ಕಾಲ ಸಂದಿಯಲ್ಲಿ ಇಟ್ಟುಕೊಂಡು ಶಿವಮೊಗ್ಗದ ಬಸ್ಸಿನಲ್ಲಿ ಕೂತಳು. ರಸ್ತೆಯ ಒಂದು ಹಂಪಿನಲ್ಲಿ ಬಸ್ಸು ಎಗರಿ ಡಬ್ಬಿ ತುಳುಕಿ ಬಸ್ಸಿಗೆಲ್ಲ ಹುರುಳಿಯ ವಾಸನೆ ಹರಡಿತು. "ಯಾರಮ್ಮ ಅದು ಹುರುಳಿಕಟ್ಟು? ನಮ್ಗೂ ಒಂದು ಸೌಟು ಇರ್ಲಿ," ಎಂದ ಕಂಡಕ್ಟರ್. ಅಮ್ಮ ನಕ್ಕಳು. ನಾನು ಕಿಟಕಿಯ ಕಡೆ ತಿರುಗಿದೆ. ನನಗೆ ಆಗಲೇ ಮುಜುಗರ ಶುರುವಾಗಿತ್ತು.

ಮಂಟಪದ ವೇದಿಕೆಯ ಮೇಲೆ ಸಾಲಾಗಿ ಟೇಬಲ್, ಒಂದೊಂದರ ಮೇಲೂ ಒಂದು ಗ್ಯಾಸ್ ಒಲೆ. ರೇಷ್ಮೆ ಸೀರೆಯ ಮೇಲೆ ಏಪ್ರನ್ ಕಟ್ಟಿಕೊಂಡು ನಿಂತ ಅಮ್ಮ ಚಿಕ್ಕವಳಾಗಿ ಕಂಡಳು. ಎಡಗಡೆಯವರು ನೂಡಲ್ಸ್ ಮಾಡುತ್ತಿದ್ದರು, ಬಲಗಡೆಯವರು ಕುಕ್ಕರಿನಲ್ಲಿ ಕೇಕು. ನನ್ನ ಪಕ್ಕದ ಕುರ್ಚಿಯಲ್ಲಿ ನನ್ನಷ್ಟೇ ವಯಸ್ಸಿನ, ಕನ್ನಡಕ ಹಾಕಿಕೊಂಡ ಹುಡುಗಿ. ಅವಳ ಅಮ್ಮ ಮೂರು ಬಣ್ಣದ ಪುಲಾವ್ ಮಾಡುತ್ತಿದ್ದರಂತೆ.

"ನಿಮ್ಮಮ್ಮ ಏನು ಮಾಡ್ತಿದಾರೆ?"

"ಸೂಪ್," ಎಂದೆ.

ಬೆಳ್ಳುಳ್ಳಿ ಒಗ್ಗರಣೆ ಬಿದ್ದಾಗ ಹಿಂದಿನ ಸಾಲಿನಿಂದ ಒಬ್ಬರು, "ಹುರುಳಿಕಟ್ಟು ಅಲ್ವೇನ್ರೀ ಇದು? ನಮ್ಮತ್ತೆ ಮಾಡ್ತಿದ್ರು ಕಣ್ರೀ," ಎಂದರು. ಇನ್ನಿಬ್ಬರು ಮೂಗು ಎತ್ತಿ ನೋಡಿದರು. ಮೂವರು ಜಡ್ಜುಗಳಲ್ಲಿ ಬಿಳಿ ಕೂದಲಿನ ಹೆಂಗಸೊಬ್ಬರು ಎದ್ದು ಅಮ್ಮನ ಟೇಬಲ್ಲಿನ ಹತ್ತಿರ ಬಂದು, ಪಾತ್ರೆಗೆ ಬಗ್ಗಿ, ಏನೋ ಕೇಳಿ, ನಗುತ್ತಾ ಹೋದರು. ಅಮ್ಮ ಗೆಲ್ಲುತ್ತಾಳೆ ಎಂದು ನನಗೆ ಆಗ ಖಾತ್ರಿಯಾಯಿತು. ಪುಲಾವಿನ ಹುಡುಗಿಗೆ ಕೇಳುವಂತೆ ಸ್ವಲ್ಪ ಜೋರಾಗಿಯೇ ಉಸಿರು ಬಿಟ್ಟೆ.

ಸಾರು ಕುದಿ ಬಂತು. ಅಮ್ಮ ಸೌಟಿನಲ್ಲಿ ಒಂದಿಷ್ಟು ತೆಗೆದಳು. ಕೆಳಗೆ ಎಡಗೈ ಹಿಡಿದಳು, ಉಫ್ ಉಫ್ ಎಂದು ಊದಿದಳು. ಆಮೇಲೆ ಸೌಟು ಹಿಡಿದುಕೊಂಡೇ ವೇದಿಕೆಯ ಅಂಚಿಗೆ ನಡೆದು ಬಂದಳು.

"ಸುಮಿ," ಎಂದು ಕರೆದಳು. "ಉಪ್ಪು ನೋಡೇ."

ಇಡೀ ಮಂಟಪಕ್ಕೆ ಕೇಳಿಸಿತು. ಕೋಟು ಹಾಕಿಕೊಂಡಿದ್ದ ನಿರೂಪಕ ಮೈಕಿನಲ್ಲಿ, "ಮೇಡಂ, ಜಡ್ಜ್‌ಗಳು ಈ ಕಡೆ ಕೂತಿದಾರೆ," ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ಪುಲಾವಿನ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಎದ್ದು ಹೋಗಿ ಅಂಗೈ ಒಡ್ಡುವುದಿರಲಿ, ನಾನು ಅವಳ ಮಗಳು ಎಂದು ಯಾರಿಗೂ ಗೊತ್ತಾಗದಿದ್ದರೆ ಸಾಕಿತ್ತು. ಬರಬೇಡ, ಕರೀಬೇಡ, ಹೋಗು ಎಂದು ನಾನು ತಲೆಯನ್ನು ಅಡ್ಡ ಅಲ್ಲಾಡಿಸಿದೆ.

ಅಮ್ಮ ಒಲೆಯ ಹತ್ತಿರ ಹೋದಳು. ಪಾತ್ರೆಯೊಳಗೆ ನೋಡಿದಳು, ಅನುಮಾನದಿಂದ ಮತ್ತೆ ನನ್ನ ಕಡೆ ನೋಡಿದಳು. ನಾನು ಇನ್ನೂ ಜೋರಾಗಿ ಅಲ್ಲಾಡಿಸಿದೆ. ಅಮ್ಮ ಉಪ್ಪಿನ ಬಟ್ಟಲಿಗೆ ಕೈ ಹಾಕಿದಳು.

ಆಗ ನನಗೆ ಹೊಳೆಯಿತು. ನಮ್ಮ ಮನೆಯಲ್ಲಿ ತಲೆ ಅಡ್ಡ ಅಲ್ಲಾಡಿಸಿದರೆ ಒಂದೇ ಅರ್ಥ. ಕೂತಲ್ಲಿಂದಲೇ, ವಾಸನೆಯಲ್ಲೇ ಹೇಳುವ ಮಗಳು ಸಾಲದು ಎನ್ನುತ್ತಿದ್ದಾಳೆ, ಎರಡು ಸಲ ಹೇಳುತ್ತಿದ್ದಾಳೆ. ಅಮ್ಮ ಒಂದು ಹಿಡಿ ಕಲ್ಲುಪ್ಪು ಹಾಕಿದಳು, ನನ್ನ ಮುಖ ನೋಡಿ ಇನ್ನೂ ಅಷ್ಟು ಹಾಕಿದಳು. ನಾನು ಎದ್ದು ಕೂಗಬಹುದಿತ್ತು. ಸಾಕು ಅನ್ನಬಹುದಿತ್ತು. ಎರಡಕ್ಷರದ ಮಾತು ಅದು, ದಿನಾ ತಲೆದೂಗಿ ಹೇಳುತ್ತಿದ್ದ ಮಾತು. ಪಕ್ಕದಲ್ಲಿ ಆ ಹುಡುಗಿ ಕೂತಿದ್ದಾಳೆಂದು ಬಾಯಿ ಬಿಡಲಿಲ್ಲ.

ಬಿಳಿ ಕೂದಲಿನ ಜಡ್ಜು ಆಸೆಯಿಂದಲೇ ಚಮಚ ಬಾಯಿಗಿಟ್ಟರು. ಮುಖ ಹಿಂಡಿದರು. ನೀರು ಕುಡಿದು, ಮೈಕು ತೆಗೆದುಕೊಂಡು ಮೆತ್ತಗೆ ಕೇಳಿದರು. "ಇಷ್ಟು ಚೆನ್ನಾಗಿರೋ ಸಾರಿಗೆ ಇಷ್ಟೊಂದು ಉಪ್ಪು ಯಾಕಮ್ಮ ಹಾಕಿದ್ರಿ? ರುಚಿ ನೋಡ್ಲಿಲ್ವಾ?"

"ನಮ್ಮ ಮಗಳು ನೋಡ್ತಾಳೆ," ಎಂದಳು ಅಮ್ಮ.

ಮತ್ತೆ ನಗು. ಅಮ್ಮನೂ ನಕ್ಕಳು, ಏಕೆಂದು ತಿಳಿಯದೆ. ಪುಲಾವಿಗೆ ಎರಡನೇ ಬಹುಮಾನ ಬಂತು. ಬಹುಮಾನ ಬಾರದವರಿಗೆಲ್ಲ ಸಮಾಧಾನಕ್ಕೆಂದು ಗಾಜಿನದೊಂದು ಜೋಡಿ ಕೊಟ್ಟರು, ಮುಚ್ಚಳದಲ್ಲಿ ತೂತುಗಳಿದ್ದ ಉಪ್ಪಿನ ಶೀಶೆ, ಮೆಣಸಿನ ಪುಡಿಯ ಶೀಶೆ.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮನೇ ನನ್ನನ್ನು ಸಮಾಧಾನ ಮಾಡಿದಳು. ನನ್ನ ಸಪ್ಪೆ ಮುಖ ನೋಡಿ, ಸೋತಿದ್ದಕ್ಕೆ ಅಂದುಕೊಂಡಿದ್ದಳು. "ಇರ್ಲಿ ಬಿಡೇ. ಅಷ್ಟು ದೂರದಿಂದ ನಿಂಗಾದ್ರೂ ಹೆಂಗೆ ಗೊತ್ತಾಗತ್ತೆ. ನಂಗೂ ಸಾಕು ಅಂತಾನೇ ಅನ್ನಿಸಿತ್ತು. ನೀನು ಬೇಕು ಅಂದ್ಯಲ್ಲ ಅಂತ ಹಾಕ್ದೆ."

ಅಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅವಳು ಅದನ್ನು ಮಗಳ ನಾಲಿಗೆ ಒಂದು ಸಲ ತಪ್ಪಿತು ಎಂದುಕೊಂಡು ನಾಳೆಗೇ ಮರೆಯುತ್ತಿದ್ದಳು. ನನಗೆ ಆ ವಯಸ್ಸಿನಲ್ಲಿ ನನ್ನ ಮೇಲೆ ತಪ್ಪು ಬರಬಾರದು ಎಂಬುದೇ ದೊಡ್ಡದು.

"ನಾನು ಉಪ್ಪಿಗೆ ಅಲ್ಲಾಡಿಸಿದ್ದಲ್ಲ," ಎಂದೆ. "ಕರೀಬೇಡ ಅಂತ ಅಲ್ಲಾಡಿಸಿದ್ದು."

"ಯಾಕೆ?"

"ಎಲ್ಲಾರೂ ನೋಡ್ತಿದ್ರು."

ಅಮ್ಮ "ಓ" ಎಂದಳು. ಸ್ವಲ್ಪ ಹೊತ್ತು ತೊಡೆಯ ಮೇಲಿದ್ದ ಶೀಶೆಗಳ ಡಬ್ಬವನ್ನು ಆ ಕಡೆ ಈ ಕಡೆ ತಿರುಗಿಸಿದಳು. ಬೈದಿದ್ದರೆ ಚೆನ್ನಾಗಿತ್ತು, ಎರಡು ಬಿಗಿದಿದ್ದರೂ ಚೆನ್ನಾಗಿತ್ತು. ಭದ್ರಾವತಿ ಬರುವವರೆಗೂ ಅವಳು ಕಿಟಕಿಯಾಚೆ ನೋಡುತ್ತಾ ಕೂತಿದ್ದಳು, ಇಳಿಯುವಾಗ ಮಾತ್ರ ಎಂದಿನಂತೆ ನನ್ನ ಕೈ ಹಿಡಿದುಕೊಂಡಳು.

ಮಾರನೆಯ ದಿನ ಸಾರು ಕುದಿಯುವ ವಾಸನೆ ಬಂತು. ನಾನು ಹಾಲಿನಲ್ಲಿ ಕಾದೆ. ಕರೆ ಬರಲಿಲ್ಲ. ಹೋಗಿ ಬಾಗಿಲಲ್ಲಿ ನಿಂತರೆ ಅಮ್ಮ ಆಗಲೇ ಪಾತ್ರೆ ಇಳಿಸಿ ಮುಚ್ಚಳ ಮುಚ್ಚಿದ್ದಳು. ಊಟಕ್ಕೆ ಕೂತಾಗ ಚಾಪೆಯ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ, ಆ ಗಾಜಿನ ಶೀಶೆ.

"ಉಪ್ಪು ಕಮ್ಮಿ ಇದ್ರೆ ಹಾಕ್ಕೊಳಿ," ಎಂದಳು. "ಅವರವರಿಗೆ ಬೇಕಾದಷ್ಟು."

ಕಮ್ಮಿ ಇತ್ತು. ಅವತ್ತಿನಿಂದ ಇವತ್ತಿನವರೆಗೂ ನಮ್ಮ ಮನೆಯ ಸಾರಿಗೆ ಒಂದು ಚಿಟಿಕೆ ಉಪ್ಪು ಕಮ್ಮಿಯೇ. "ಎಷ್ಟು?" ಎಂದು ಕೇಳುವುದನ್ನೂ ಅಮ್ಮ ಬಿಟ್ಟಳು. ಅಪ್ಪ ಒಂದೆರಡು ದಿನ "ಜಡ್ಜಮ್ಮ ಯಾಕೆ ಸುಮ್ನಾದ್ರು?" ಎಂದು ಕೆಣಕಿ, ನಮ್ಮಿಬ್ಬರ ಮುಖ ನೋಡಿ ಅವರೂ ಸುಮ್ಮನಾದರು. ಮುಂದಿನ ವರ್ಷಗಳಲ್ಲಿ ಅವಳು ಕೇಳದಿದ್ದರೂ ನಾನು ಹತ್ತಕ್ಕೆ ಹತ್ತು ಎಂದು ಹೇಳುತ್ತಾ ಬಂದೆ. ಅಮ್ಮ "ಹ್ಞೂಂ, ಉಣ್ಣು" ಎನ್ನುತ್ತಿದ್ದಳು.

ಅಪ್ಪ ರಿಟೈರಾದ ಮೇಲೆ ನಾವು ಶಿವಮೊಗ್ಗದ ಗೋಪಾಳದಲ್ಲಿ ಮನೆ ಮಾಡಿದೆವು. ನಾನು ವಿನೋಬನಗರದ ಒಂದು ಶಾಲೆಯಲ್ಲಿ ಟೀಚರ್. ಮಕ್ಕಳಿಗೆ ಮಾರ್ಕು ಕೊಡುವುದೇ ಕೆಲಸ, ಹಣೆಬರಹ ನೋಡಿ. ನಾಲ್ಕು ಎಂದು ಬರೆಯುವಾಗ ಪ್ರತಿ ಸಲ ಕೈ ಒಂದು ಕ್ಷಣ ತಡೆಯುತ್ತದೆ. ಟಿವಿಯಲ್ಲಿ ಆ ಸ್ಪರ್ಧೆಗಳು ಈಗಲೂ ಬರುತ್ತವೆ, ಅಮ್ಮ ತಪ್ಪದೆ ನೋಡುತ್ತಾಳೆ. ಜಡ್ಜು ಕಣ್ಣು ಮುಚ್ಚಿದಾಗ ನಾನು ಎದ್ದು ಬೇರೆ ಕೋಣೆಗೆ ಹೋಗುತ್ತೇನೆ. ಅಪ್ಪನಿಗೆ ಬಿಪಿ ಇರುವುದರಿಂದ ಉಪ್ಪು ಕಮ್ಮಿ ಮಾಡಿ ಎಂದು ಡಾಕ್ಟರ್ ಹೇಳಿದಾಗ, "ನಮ್ಮನೇಲಿ ಯಾವಾಗ್ಲೋ ಕಮ್ಮಿ ಮಾಡಿದೀವಿ ಸಾರ್," ಎಂದಳು ಅಮ್ಮ. ಅವಳು ಯಾವ ವ್ಯಂಗ್ಯವೂ ಇಲ್ಲದೆಯೇ ಹೇಳಿದ್ದು. ಚುಚ್ಚಿದ್ದು ನನಗೆ.

ಬಂದವರೆಲ್ಲ ಅಮ್ಮನ ಅಡುಗೆ ಹೊಗಳುತ್ತಾರೆ. ಊಟದಲ್ಲಿ ನನಗೂ ಏನೂ ಕಡಿಮೆಯಾಗಿಲ್ಲ, ಚಿಟಿಕೆ ಉಪ್ಪು ಒಂದು ಲೆಕ್ಕವೇ. ಆದರೆ ಸಾರು ಕುದಿಯುವಾಗ ಆ ಮನೆಗೆ ನಾನು ಬೇಕಾಗಿದ್ದೆ. ಬಾಗಿಲ ಕಡೆ ತಿರುಗಿ ಒಬ್ಬಳು ನನ್ನ ಹೆಸರು ಕರೆಯುತ್ತಿದ್ದಳು, ನಾನು ಬಂದು ಹೇಳುವವರೆಗೂ ಊಟ ಮುಂದೆ ಹೋಗುತ್ತಿರಲಿಲ್ಲ. ಅಷ್ಟು ನಂಬಿಕೆಯಿಂದ ಆಮೇಲೆ ನನ್ನ ಮುಖವನ್ನು ಯಾರೂ ನೋಡಿಲ್ಲ.

ಹೋದ ಭಾನುವಾರ ಅಮ್ಮ ಹುರುಳಿಕಟ್ಟು ಇಟ್ಟಿದ್ದಳು. ಬೆಳ್ಳುಳ್ಳಿ ಒಗ್ಗರಣೆಯ ಘಮ ಹಾಲಿಗೆ ಬಂತು. ಏನನ್ನಿಸಿತೋ, ನೋಡುತ್ತಿದ್ದ ಉತ್ತರಪತ್ರಿಕೆಗಳನ್ನು ಬಿಟ್ಟು ಎದ್ದು ಹೋದೆ. ಅಮ್ಮ ಸೌಟು ಆಡಿಸುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಅಂಗೈ ಗುಳಿ ಮಾಡಿ ಅವಳ ಮುಂದೆ ಹಿಡಿದೆ.

ಅಮ್ಮ ಕೈ ನೋಡಿದಳು, ನನ್ನ ಮುಖ ನೋಡಿದಳು. "ಏನು ಬೇಕೇ?"

"ಉಪ್ಪು ನೋಡ್ತೀನಮ್ಮ."

"ಅಲ್ಲೇ ಟೇಬಲ್ ಮೇಲಿದೆ, ನೋಡು," ಎಂದು ಅಮ್ಮ ಒಲೆಯ ಕಡೆ ತಿರುಗಿದಳು.